ನಿಕ್ಸಿ ಟ್ಯೂಬೂ, ಸೋರುವ ಕರೆಂಟೂ, ಬ್ಯಾಂಕಿನ ಲೆಕ್ಕವೂ

ಲೆಡ್ಜರ್ ಕಾಲದ ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಹಳಬರು ಮೊದಲು ನೋಡುತ್ತಿದ್ದದ್ದು ವ್ಯತ್ಯಾಸದ ಮೊತ್ತವನ್ನು. ಅದು 9ರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಹಿಂದುಮುಂದಾಗಿವೆ ಅಂತ ಗುಮಾನಿ. 54 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 9, 540ಕ್ಕೆ 450 ಆದರೆ 90. ವ್ಯತ್ಯಾಸ 5, 50, 500 ಅಂತ ಬಂದರೆ ಯಾರೋ 3ನ್ನು 8 ಅಂತ ಓದಿರಬಹುದು. ಕೈಬರಹದ 3ರ ಎಡಗಡೆ ಶಾಯಿ ಸ್ವಲ್ಪ ಹರಡಿದರೂ ಸಾಕು, ಅದು 8 ಆಗಿಬಿಡುತ್ತದೆ! ಇರಬಾರದ ಕಡೆ ಇದ್ದ ಒಂದು ಗೆರೆ ಇಡೀ ಶಾಖೆಯನ್ನು ರಾತ್ರಿ ಎಂಟರವರೆಗೆ ಕೂರಿಸುತ್ತಿತ್ತು.

ಇದೇ ತೊಂದರೆ ವಿದ್ಯುತ್ತಿನ ಅಂಕಿಗಳಿಗೂ ಬಂದಿತ್ತು ಅಂದರೆ ನಂಬುತ್ತೀರಾ? ಅಲ್ಲಿ ಹರಡುತ್ತಿದ್ದದ್ದು ಶಾಯಿಯಲ್ಲ, ಕರೆಂಟು. ನಿಕ್ಸಿ ಟ್ಯೂಬ್ ಅನ್ನುವ ಹಳೆಯ ಗಾಜಿನ ಬುರುಡೆಯ ಕಥೆ ಇದು. ನಾನು ಬಿ.ಕಾಂ. ಓದಿದವನು, ಎಲೆಕ್ಟ್ರಾನಿಕ್ಸ್ ನನ್ನ ವಿಷಯವಲ್ಲ. ಆದರೆ ಈ ಕಥೆ ಶುರುವಾಗುವುದೇ ಒಬ್ಬ ಬ್ಯಾಂಕ್ ಗುಮಾಸ್ತನಿಂದ. ಹಾಗಾಗಿ ನಮ್ಮವರಿಗೂ ಇದರಲ್ಲಿ ಒಂದು ಪಾಲು ಇದೆ ಅಂತ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಆ ಗುಮಾಸ್ತನ ಹೆಸರು ವಿಲಿಯಂ ಸೀವರ್ಡ್ ಬರೋಸ್. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನ ಬ್ಯಾಂಕಿನಲ್ಲಿ ಕೆಲಸ. ದಿನವಿಡೀ ಕೂಡುವುದು, ಮತ್ತೆ ಕೂಡಿ ತಾಳೆ ನೋಡುವುದು, ತಪ್ಪು ಹುಡುಕುವುದು. ಆರೋಗ್ಯ ಕೆಟ್ಟು ಕೆಲಸ ಬಿಟ್ಟು 1880ರ ದಶಕದ ಶುರುವಿನಲ್ಲಿ ಸೇಂಟ್ ಲೂಯಿಸ್‌ಗೆ ಹೋದ. ಅಲ್ಲಿ ಕೂಡುವ ಯಂತ್ರ ಕಟ್ಟತೊಡಗಿದ. 1886ರಲ್ಲಿ ಅಮೆರಿಕನ್ ಅರಿತ್ಮೋಮೀಟರ್ ಕಂಪನಿ ಹುಟ್ಟಿತು, 1888ರಲ್ಲಿ ಪೇಟೆಂಟ್ ಸಿಕ್ಕಿತು.

ಆದರೆ ಮೊದಲ ಕಂತಿನ ಸುಮಾರು ಐವತ್ತು ಯಂತ್ರಗಳು ಕೈಕೊಟ್ಟವು. ಪಕ್ಕದ ಹಿಡಿಯನ್ನು ಬರೋಸ್ ಎಳೆದರೆ ಉತ್ತರ ಸರಿ, ಬೇರೆಯವರು ಎಳೆದರೆ ತಪ್ಪು. ಒಬ್ಬ ಜೋರಾಗಿ ಎಳೆಯುತ್ತಾನೆ, ಇನ್ನೊಬ್ಬ ಮೆಲ್ಲಗೆ. ಎಳೆತಕ್ಕೆ ತಕ್ಕಂತೆ ಮೊತ್ತ ಬದಲಾದರೆ ಅದು ಯಾವ ಸೀಮೆ ಲೆಕ್ಕ? ಬರೋಸ್ ಅದಕ್ಕೊಂದು ಎಣ್ಣೆ ತುಂಬಿದ ಸಿಲಿಂಡರ್ ಜೋಡಿಸಿದ. ಯಾರು ಹೇಗೇ ಎಳೆಯಲಿ, ಒಳಗಿನ ಚಕ್ರಗಳು ಒಂದೇ ವೇಗದಲ್ಲಿ ತಿರುಗುವ ಹಾಗೆ ಆಯಿತು. ಆಮೇಲೆ ಆ ಹಳೆಯ ಯಂತ್ರಗಳನ್ನು ಒಂದೊಂದಾಗಿ ಕಿಟಕಿಯಿಂದ ಆಚೆ ಎಸೆದ ಅಂತ ಒಂದು ಕಥೆಯೂ ಇದೆ. 1898ರಲ್ಲಿ ಕ್ಷಯದಿಂದ ತೀರಿಕೊಂಡ. ಕಂಪನಿ ಡೆಟ್ರಾಯಿಟ್‌ಗೆ ಹೋಗಿ 1905ರಲ್ಲಿ ಅವನ ಹೆಸರನ್ನೇ ಇಟ್ಟುಕೊಂಡಿತು. ಮುಂದೆ ಬರೋಸ್ ಅನ್ನುವ ಹೆಸರು ಬ್ಯಾಂಕಿನ ಯಂತ್ರಗಳಿಗೆ ಹೆಚ್ಚುಕಡಿಮೆ ಮನೆಮಾತಾಯಿತು.

ಈ ಎಣ್ಣೆ ಸಿಲಿಂಡರನ್ನು ನೆನಪಿಟ್ಟುಕೊಳ್ಳಿ. ಕೂಡಲು ಬಂದರೆ ಸಾಲದು, ತಪ್ಪು ಕೂಡಲು ಅವಕಾಶವೇ ಇರಬಾರದು ಅನ್ನುವುದು ಅದರ ಪಾಠ. ಎಪ್ಪತ್ತು ವರ್ಷದ ಮೇಲೆ ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳು ಅದೇ ಪಾಠವನ್ನು ಇನ್ನೊಮ್ಮೆ ಕಲಿಯಬೇಕಾಯಿತು.

1950ರ ದಶಕಕ್ಕೆ ಬರೋಣ. ಹೇಡು ಬ್ರದರ್ಸ್ ಲ್ಯಾಬೊರೇಟರೀಸ್ ಅಂತ ಒಂದು ಚಿಕ್ಕ ವಾಲ್ವ್ ಕಂಪನಿ ಇತ್ತು. ಬರೋಸ್ ಕಂಪನಿ ಅದನ್ನು ಕೊಂಡುಕೊಂಡು, ಅವರು ಮಾಡುತ್ತಿದ್ದ ಅಂಕಿ ತೋರಿಸುವ ಬುರುಡೆಯನ್ನು 1955ರಲ್ಲಿ ನಿಕ್ಸಿ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 'ನ್ಯೂಮರಿಕ್ ಇಂಡಿಕೇಟರ್ ಎಕ್ಸ್‌ಪೆರಿಮೆಂಟಲ್ ನಂಬರ್ ಒನ್' ಅನ್ನುವುದರ ಮೊಟಕು ರೂಪ ನಿಕ್ಸ್-ಐ, ಅದೇ ನಿಕ್ಸಿ ಆಯಿತು ಅನ್ನುತ್ತಾರೆ. ಯುರೋಪಿನ ಜನಪದ ಕಥೆಗಳಲ್ಲಿ ನಿಕ್ಸಿ ಅಂದರೆ ನೀರಿನಲ್ಲಿರುವ ಮೋಹಿನಿ. ಹೆಸರನ್ನು ಮೊದಲು ಇಟ್ಟು ಅರ್ಥವನ್ನು ಆಮೇಲೆ ಹೊಂದಿಸಿದರು ಅಂತ ಹೇಳುವವರೂ ಇದ್ದಾರೆ.

ಬುರುಡೆಯೊಳಗೆ ಇರುವುದು ಇಷ್ಟೇ. ತೆಳು ಲೋಹದಲ್ಲಿ ಕತ್ತರಿಸಿದ 0ಯಿಂದ 9ರವರೆಗಿನ ಹತ್ತು ಅಂಕಿಗಳು, ಒಂದರ ಹಿಂದೆ ಒಂದು. ಇವು ಕ್ಯಾಥೋಡ್‌ಗಳು. ಮುಂದೆ ಜಾಲರಿಯಂಥ ಒಂದು ಆನೋಡ್. ಸುತ್ತ ಕಡಿಮೆ ಒತ್ತಡದಲ್ಲಿ ನಿಯಾನ್ ಅನಿಲ. ಆನೋಡಿಗೆ ಸುಮಾರು 170 ವೋಲ್ಟ್ ಕೊಟ್ಟು ಯಾವುದಾದರೂ ಒಂದು ಅಂಕಿಯನ್ನು ನೆಲಕ್ಕೆ ಜೋಡಿಸಿದರೆ, ಆ ಅಂಕಿಯ ಮೈಯನ್ನಷ್ಟೇ ಅಂಟಿಕೊಂಡು ಕಿತ್ತಳೆ ಬಣ್ಣದ ಬೆಳಕು ಹೊಳೆಯುತ್ತದೆ. ಬಲ್ಬಿನ ಹಾಗೆ ತಂತಿ ಕಾಯಬೇಕಾಗಿಲ್ಲ. ಬೇಕಾದ ಕರೆಂಟು ಒಂದೆರಡು ಮಿಲಿಆಂಪ್ ಮಾತ್ರ.

ಇಲ್ಲೇ ಗಮ್ಮತ್ತು ಇರುವುದು. ಹತ್ತೂ ಅಂಕಿಗಳು ಒಂದೇ ಅನಿಲದಲ್ಲಿ, ಒಂದೇ ಆನೋಡಿನ ಕೆಳಗೆ, ಕೂಡುಕುಟುಂಬದ ಹಾಗೆ ಇಕ್ಕಟ್ಟಿನಲ್ಲಿ ಇರುತ್ತವೆ. ನಮಗೆ 3 ಕಾಣಬೇಕಾದರೆ 3 ಬೆಳಗಿದರೆ ಸಾಲದು, ಉಳಿದ ಒಂಬತ್ತೂ ಪೂರ್ತಿ ಕತ್ತಲಲ್ಲಿ ಇರಬೇಕು. 3ರ ಹಿಂದೆ 8 ಮಂಕಾಗಿ ಮಿನುಗಿದರೂ ಮುಗಿಯಿತು, ಮತ್ತೆ ನಮ್ಮ ಹಳೆಯ ಲೆಡ್ಜರಿನ ಕಥೆಯೇ!

1961ರಲ್ಲಿ ಇಂಗ್ಲೆಂಡಿನ ಬೆಲ್ ಪಂಚ್ ಕಂಪನಿ ಆನಿಟಾ ಅನ್ನುವ ಯಂತ್ರ ತಂದಿತು. ಮೇಜಿನ ಮೇಲೆ ಇಡುವ ಪೂರ್ತಿ ಎಲೆಕ್ಟ್ರಾನಿಕ್ ಲೆಕ್ಕದ ಯಂತ್ರಗಳಲ್ಲಿ ಮಾರುಕಟ್ಟೆಗೆ ಬಂದ ಮೊದಲನೆಯದು ಅದು. ನಮ್ಮ ಕಿವಿಗೆ ಪಕ್ಕದ ಮನೆಯ ಅನಿತಾಳ ಹೆಸರಿನಂತೆ ಕೇಳಿಸುತ್ತದೆ, ಅಲ್ಲವೆ? ಅದರಲ್ಲಿ ಉತ್ತರ ಕಾಣುತ್ತಿದ್ದದ್ದು ಇಂಥ ಬುರುಡೆಗಳಲ್ಲೇ. 1964ರಲ್ಲಿ ಜಪಾನಿನ ಶಾರ್ಪ್ ಕಂಪನಿಯ ಸಿಎಸ್-10ಎ ಬಂತು. ತೂಕ 25 ಕಿಲೋ, ಬೆಲೆ 5,35,000 ಯೆನ್. ಒಂದು ಅಕ್ಕಿ ಮೂಟೆಯಷ್ಟು ಭಾರದ ಕ್ಯಾಲ್ಕುಲೇಟರ್!

ಇನ್ನು ಖರ್ಚಿನ ಲೆಕ್ಕ. ಹನ್ನೆರಡು ಅಂಕಿ ತೋರಿಸಬೇಕು ಅಂದರೆ ಹನ್ನೆರಡು ಬುರುಡೆ. ಒಂದೊಂದಕ್ಕೆ ಹತ್ತು ತಂತಿ, ಒಟ್ಟು 120. ಒಂದೊಂದಕ್ಕೂ ಬೇರೆ ಬೇರೆ ಚಾಲಕ ಸರ್ಕ್ಯೂಟ್. ಆಗಿನ ಕಾಲಕ್ಕೆ ಇದು ದುಬಾರಿ. ಅದಕ್ಕೆ ಕಂಡುಕೊಂಡ ಉಪಾಯವೇ ಮಲ್ಟಿಪ್ಲೆಕ್ಸಿಂಗ್. (ಸಿನಿಮಾ ಮಲ್ಟಿಪ್ಲೆಕ್ಸ್ ಅಲ್ಲ ಮಾರಾಯರೆ!) ಎಲ್ಲ ಬುರುಡೆಗಳ 0ಗಳನ್ನು ಒಂದೇ ತಂತಿಗೆ ಕಟ್ಟಿ, 1ಗಳನ್ನು ಇನ್ನೊಂದಕ್ಕೆ, ಹೀಗೆ ಹತ್ತು ತಂತಿ. ಆನೋಡುಗಳಿಗೆ ಹನ್ನೆರಡು ತಂತಿ. ಒಟ್ಟು 22 ಆಯಿತು. ಒಂದು ಹೊತ್ತಿಗೆ ಒಂದೇ ಬುರುಡೆಯ ಆನೋಡಿಗೆ ವೋಲ್ಟೇಜ್ ಕೊಡುವುದು, ಅದರ ಅಂಕಿ ತೋರಿಸುವುದು, ಆರಿಸಿ ಮುಂದಿನದಕ್ಕೆ ಹೋಗುವುದು. ಸೆಕೆಂಡಿಗೆ ನೂರು ಸಲ ಹೀಗೆ ಸುತ್ತು ಹಾಕಿದರೆ ನಮ್ಮ ಕಣ್ಣಿಗೆ ಹನ್ನೆರಡೂ ಒಟ್ಟಿಗೆ ಉರಿದಂತೆ ಕಾಣುತ್ತದೆ.

ಒಬ್ಬನೇ ಕ್ಯಾಷಿಯರ್ ಹನ್ನೆರಡು ಕೌಂಟರ್ ನೋಡಿಕೊಂಡ ಹಾಗೆ ಇದು. ಸಂಬಳ ಉಳಿಯಿತು, ಸರಿ. ಆದರೆ ಒಂದು ಕೌಂಟರಿನ ನೋಟು ಇನ್ನೊಂದರ ಡ್ರಾಯರಿಗೆ ಹೋಗದಂತೆ ನೋಡಿಕೊಳ್ಳುವವರು ಯಾರು? ಮೊದಲು ಪ್ರತಿ ಬುರುಡೆಯ ತಂತಿಗಳೂ ಬೇರೆ ಬೇರೆ ಇದ್ದವು, ಒಂದರ ದೋಷ ಅಲ್ಲಿಗೇ ಮುಗಿಯುತ್ತಿತ್ತು. ಈಗ ಎಲ್ಲವೂ ಒಂದೇ ತಂತಿಯ ನೆಂಟರು. ಎಲ್ಲಿ ಸೋರಿದರೂ ಇನ್ನೆಲ್ಲೋ ಕಾಣುತ್ತದೆ.

ಸೋರಿಕೆ ಅಂದರೆ ಎಷ್ಟು? ನಮ್ಮ ಮನೆಯ ಮೀಟರ್ ಪಕ್ಕದಲ್ಲಿರುವ ಲೀಕೇಜ್ ಬ್ರೇಕರ್ ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿಕೆಗೆ ಟ್ರಿಪ್ ಆಗುತ್ತದೆ. ನಿಕ್ಸಿಯಲ್ಲಿ ತಲೆನೋವು ಕೊಡುವುದು ಅದರ ಸಾವಿರದಲ್ಲಿ ಒಂದು ಪಾಲು, ಮೈಕ್ರೋಆಂಪ್ ಲೆಕ್ಕದ್ದು. ಅದು ನುಗ್ಗುವ ಬಾಗಿಲುಗಳು ಮುಖ್ಯವಾಗಿ ಮೂರು.

ಮೊದಲನೆಯದು ಅಂಕಿಗಳ ಕಡೆ. ಅಂಕಿಯನ್ನು ನೆಲಕ್ಕೆ ಜೋಡಿಸುವ ಕೆಲಸ ಟ್ರಾನ್ಸಿಸ್ಟರಿನದು. ಅದು ಆಫ್ ಆದಾಗ ನಲ್ಲಿ ಪೂರ್ತಿ ಮುಚ್ಚಬೇಕು. ಆದರೆ ಯಾವ ಟ್ರಾನ್ಸಿಸ್ಟರೂ ಪೂರ್ತಿ ಮುಚ್ಚುವುದಿಲ್ಲ. ಹಳೆಯ ಜರ್ಮೇನಿಯಂ ಜಾತಿಯವಂತೂ ಧಾರಾಳವಾಗಿ ಸೋರುತ್ತಿದ್ದವು, ಸಿಲಿಕಾನ್ ಎಷ್ಟೋ ವಾಸಿ. ಈ ಕೆಲಸಕ್ಕೆಂದೇ ಮೊದಲು 7441, ಅದರ ನಂತರದ ತಲೆಮಾರಿನದಾಗಿ 74141 ಅನ್ನುವ ಚಿಪ್‌ಗಳು ಬಂದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ 74141ಕ್ಕೆ ಕೊಟ್ಟ ವಾಗ್ದಾನದಲ್ಲಿ ಎದ್ದು ಕಾಣುವುದು ಬೆಳಗಿಸುವ ಶಕ್ತಿಯಲ್ಲ, ಮುಚ್ಚಿದಾಗಿನ ನಡತೆ. 55 ವೋಲ್ಟಿನಲ್ಲಿ ಸೋರಿಕೆ 50 ಮೈಕ್ರೋಆಂಪ್ ದಾಟದು ಅಂತ. ಬುರುಡೆಗೆ ಕೊಡುವ ಕರೆಂಟು 2.5 ಮಿಲಿಆಂಪ್ ಅಂತಿಟ್ಟುಕೊಂಡರೆ ಇದು ಐವತ್ತರಲ್ಲಿ ಒಂದು ಪಾಲು. ಇನ್ನೊಂದು ಗುಣವೂ ಅದಕ್ಕಿತ್ತು. 10ರಿಂದ 15ರವರೆಗಿನ, ಅಂದರೆ ಅಂಕಿಯೇ ಅಲ್ಲದ ಸಂಕೇತ ಕೊಟ್ಟರೆ ಹತ್ತೂ ಬಾಗಿಲು ಮುಚ್ಚಿಬಿಡುತ್ತಿತ್ತು. ಏನೂ ತೋರಿಸಬೇಡ ಅಂತ ಹೇಳಲು ಒಂದು ಭಾಷೆ ಸಿಕ್ಕಿದಂತಾಯಿತು.

170 ವೋಲ್ಟಿನ ಬುರುಡೆಗೆ 55 ವೋಲ್ಟಿನ ಚಿಪ್ ಹೇಗೆ ಸಾಕಾಯಿತು ಅಂತ ನಾನೂ ತಲೆ ಕೆರೆದುಕೊಂಡಿದ್ದೆ. ಉತ್ತರ ಸರಳ ಕಳೆಯುವ ಲೆಕ್ಕದಲ್ಲಿದೆ. ಅಂಕಿ ಉರಿಯುತ್ತಲೇ ಇರಬೇಕಾದರೆ ಅದರ ಮತ್ತು ಆನೋಡಿನ ನಡುವೆ ಸುಮಾರು 140 ವೋಲ್ಟ್ ಬೇಕು. ಬೇಡದ ಅಂಕಿಯನ್ನು ನೆಲದಿಂದ 55 ವೋಲ್ಟ್ ಮೇಲೆ ಎತ್ತಿ ಹಿಡಿದರೆ, ಆನೋಡ್ ಪೂರ್ತಿ 170ರಲ್ಲಿದ್ದರೂ ಉಳಿಯುವುದು 115. ಅಷ್ಟರಲ್ಲಿ ಅದು ಉರಿಯಲಾರದು. ಬಾಗಿಲಿಗೆ ಬೀಗ ಹಾಕಬೇಕಾಗಿಲ್ಲ, ಹೊಸ್ತಿಲು ಎತ್ತರಿಸಿದರೆ ಸಾಕು!

ಎರಡನೆಯ ಬಾಗಿಲು ಆನೋಡಿನ ಕಡೆ. ಇದು ಮಲ್ಟಿಪ್ಲೆಕ್ಸಿಂಗ್ ತಂದ ಹೊಸ ತಾಪತ್ರಯ. ಬುರುಡೆಗಳ ಸರದಿ ನಿಭಾಯಿಸಲು ಪ್ರತಿ ಆನೋಡಿಗೂ ಒಂದು ಸ್ವಿಚ್ ಬೇಕು. ಆಫ್ ಆಗಿರುವ ಆ ಸ್ವಿಚ್ ಬರೀ 1 ಮೈಕ್ರೋಆಂಪ್ ಸೋರುತ್ತದೆ ಅಂತಿಟ್ಟುಕೊಳ್ಳಿ. ಏನು ಮಹಾ ಅನಿಸುತ್ತದೆ. ಆದರೆ ಆನೋಡಿಗೂ ಅದರ ತಂತಿಗೂ ಒಂದು ಪುಟ್ಟ ಕೆಪಾಸಿಟಿ ಇರುತ್ತದೆ, 10 ಪಿಕೋಫ್ಯಾರಡ್ ಅನ್ನೋಣ. ಆ ಚಿಟಿಕೆಯಷ್ಟು ಪಾತ್ರೆಯನ್ನು 1 ಮೈಕ್ರೋಆಂಪ್ ಸೋರಿಕೆ 170 ವೋಲ್ಟ್‌ವರೆಗೆ ತುಂಬಲು ಬೇಕಾದ್ದು 1.7 ಮಿಲಿಸೆಕೆಂಡ್. ಹನ್ನೆರಡು ಬುರುಡೆಗಳ ಸುತ್ತಿನಲ್ಲಿ ಒಂದೊಂದು ಬುರುಡೆಯೂ ತನ್ನ ಸರದಿಗಾಗಿ 9 ಮಿಲಿಸೆಕೆಂಡಿಗೂ ಹೆಚ್ಚು ಕಾಯುತ್ತದೆ. ಅಷ್ಟರೊಳಗೆ ಪಾತ್ರೆ ಎಷ್ಟೋ ಸಲ ತುಂಬಿ, ಪಕ್ಕದವನ ಅಂಕಿ ಇಲ್ಲೂ ಮಿಣುಕ್ ಅನ್ನುತ್ತದೆ. ಎಂಜಿನಿಯರುಗಳು ಇದನ್ನು ದೆವ್ವ ಅಂತಲೇ ಕರೆದರು, ಗೋಸ್ಟಿಂಗ್!

ನಮ್ಮ ಕರಾವಳಿಯವರಿಗೆ ಇದು ಬೇಗ ಅರ್ಥವಾಗಬೇಕು. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತಲ್ಲ, ದಿನಕ್ಕೆ ಎರಡಾಣೆ ಮನೆಬಾಗಿಲಿನಲ್ಲೇ ಸಂಗ್ರಹಿಸಿ? ಆ ಹನಿ ಹನಿ ದುಡ್ಡು ಸೇರಿ ಎಷ್ಟೋ ಮದುವೆಗಳು, ಅಂಗಡಿಗಳು ಎದ್ದವು. (ಆ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.) ಹನಿಗೂಡಿದರೆ ಹಳ್ಳ ಅನ್ನುವುದು ಠೇವಣಿಗೆ ವರ, ಸೋರಿಕೆಗೆ ಶಾಪ. ಹನಿ ಚಿಕ್ಕದು ಅಂತ ಬಿಟ್ಟರೆ, ಕಾಯುವ ಹೊತ್ತು ಅದನ್ನು ದೊಡ್ಡದು ಮಾಡುತ್ತದೆ.

ಪರಿಹಾರ? ಪಾತ್ರೆಗೆ ಒಂದು ಸಣ್ಣ ತೂತು. ಆನೋಡಿನಿಂದ ನೆಲಕ್ಕೆ 1 ಮೆಗಾ ಓಮ್ ರೆಸಿಸ್ಟರ್ ಇಟ್ಟರೆ, ಆ 1 ಮೈಕ್ರೋಆಂಪ್ ಅದರ ಮೂಲಕ ಹರಿದುಹೋಗಿ ಆನೋಡ್ ಏರುವುದು ಬರೀ 1 ವೋಲ್ಟ್. ದೆವ್ವ ಮಾಯ! ಬೆಲೆ ಇಲ್ಲದಿಲ್ಲ, ಬುರುಡೆ ಉರಿಯುವ ಹೊತ್ತಿನಲ್ಲಿ ಆ ರೆಸಿಸ್ಟರ್ 0.17 ಮಿಲಿಆಂಪ್‌ವರೆಗೆ ದಂಡ ತೆಗೆದುಕೊಳ್ಳುತ್ತದೆ. ಇದರ ಜೊತೆಗೆ ಸ್ವಿಚ್ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆಯೂ ಒಂದು ರೆಸಿಸ್ಟರ್ ಬೇಕು. ಬೇಸನ್ನು ಅನಾಥವಾಗಿ ಬಿಟ್ಟರೆ ಟ್ರಾನ್ಸಿಸ್ಟರ್ ತನ್ನ ಒಳಗಿನ ಸೋರಿಕೆಯನ್ನು ತಾನೇ ಹಿಗ್ಗಿಸುತ್ತದೆ. 0.1 ಮೈಕ್ರೋಆಂಪ್ ಸೋರಿಕೆ, ಹಿಗ್ಗಿಸುವ ಗುಣ 50 ಇದ್ದರೆ ಹೊರಗೆ ಬರುವುದು 5 ಮೈಕ್ರೋಆಂಪ್. ಕಾರಣ ಹೇಳುವವರಿಲ್ಲದ ಎಂಟ್ರಿ ಸಸ್ಪೆನ್ಸ್ ಖಾತೆಯಲ್ಲಿ ಬೆಳೆದ ಹಾಗೆ.

ಮೂರನೆಯ ಬಾಗಿಲು ಬೋರ್ಡಿನ ಮೇಲಿನ ಕೊಳೆ ಮತ್ತು ಹವಾಮಾನ. ಬೆಸುಗೆ ಹಾಕಿದ ಮೇಲೆ ಉಳಿಯುವ ಫ್ಲಕ್ಸ್, ಬೆರಳಿನ ಬೆವರು, ಧೂಳು. ಇವುಗಳ ಮೇಲೆ ತೇವ ಕೂತರೆ ಎರಡು ಗೆರೆಗಳ ನಡುವೆ ಕಾಣದ ಸೇತುವೆ ಆಗುತ್ತದೆ. ಆ ಸೇತುವೆಯ ತಡೆ 17 ಮೆಗಾ ಓಮ್ ಇದ್ದರೂ 170 ವೋಲ್ಟಿಗೆ 10 ಮೈಕ್ರೋಆಂಪ್ ಹರಿಯುತ್ತದೆ. ಬೇಸಿಗೆಯಲ್ಲಿ ಸುಮ್ಮನಿದ್ದ ಸರ್ಕ್ಯೂಟ್ ಪುಣೆಯ ಜುಲೈ ಮಳೆಯಲ್ಲಿ ದೆವ್ವ ತೋರಿಸಿದರೆ ಆಶ್ಚರ್ಯವಿಲ್ಲ. ಮಂಗಳೂರಿನ ಆಷಾಢದಲ್ಲಂತೂ ಕೇಳುವುದೇ ಬೇಡ, ಹಪ್ಪಳವೇ ಒಣಗದು! ಬೇಸಿಗೆಯ ತಕರಾರು ಬೇರೆ ಥರದ್ದು. ಪ್ರತಿ 10 ಡಿಗ್ರಿಗೆ ಟ್ರಾನ್ಸಿಸ್ಟರಿನ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಅನ್ನುವುದು ರೂಢಿಯ ಲೆಕ್ಕ. ಪೆಟ್ಟಿಗೆಯೊಳಗೆ 25 ಇದ್ದದ್ದು 45 ಆದರೆ ಸೋರಿಕೆ ನಾಲ್ಕು ಪಟ್ಟು. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆಯುವುದು, ಒಣಗಿದ ಮೇಲೆ ವಾರ್ನಿಷ್ ಬಳಿಯುವುದು, ಹೆಚ್ಚು ವೋಲ್ಟಿನ ಗೆರೆಗಳನ್ನು ದೂರ ಇಡುವುದು ಇದಕ್ಕೆ ಮದ್ದು.

ಇವೆಲ್ಲದರ ಮೇಲೆ ಇನ್ನೊಂದು ಉಪಾಯವಿದೆ, ನನಗೆ ಅತಿ ಇಷ್ಟವಾದದ್ದು. ಒಂದು ಬುರುಡೆ ಆರಿಸಿದ ತಕ್ಷಣ ಮುಂದಿನದನ್ನು ಹೊತ್ತಿಸಬಾರದು. ಹೊತ್ತಿದ್ದ ಅನಿಲ ತಣ್ಣಗಾಗಲು, ಆನೋಡಿನಲ್ಲಿ ಉಳಿದ ವೋಲ್ಟೇಜ್ ಇಳಿಯಲು ಹತ್ತಾರು ಮೈಕ್ರೋಸೆಕೆಂಡಾದರೂ ಬೇಕು. ಆ ಹೊತ್ತು ಎಲ್ಲವನ್ನೂ ಕತ್ತಲಲ್ಲಿ ಇಡಬೇಕು. ಇದಕ್ಕೆ ಬ್ಲಾಂಕಿಂಗ್ ಅನ್ನುತ್ತಾರೆ. ಕ್ಯಾಷಿಯರ್ ಒಂದು ಕೌಂಟರಿನ ಡ್ರಾಯರ್ ಮುಚ್ಚಿ ಬೀಗ ಹಾಕಿದ ಮೇಲೆಯೇ ಇನ್ನೊಂದಕ್ಕೆ ಹೋದ ಹಾಗೆ. ಬರೋಸನ ಎಣ್ಣೆ ಸಿಲಿಂಡರ್ ಮಾಡಿದ್ದೂ ಇದೇ ಅಲ್ಲವೆ? ಆತುರಕ್ಕೆ ಒಂದು ಕಡಿವಾಣ.

ಕೊನೆಗೆ ನಿಕ್ಸಿಯ ಕಾಲ ಮುಗಿಯಿತು. 1970ರ ದಶಕದಲ್ಲಿ ಎಲ್‌ಇಡಿ ಬಂತು, ಆಮೇಲೆ ಎಲ್‌ಸಿಡಿ. ಬರೋಸ್ ಕಂಪನಿಯೇ ಪ್ಯಾನಾಪ್ಲೆಕ್ಸ್ ಅನ್ನುವ ಚಪ್ಪಟೆ ನಿಯಾನ್ ಫಲಕ ತಂದಿತು. ಅದರಲ್ಲಿ ಅಂಕಿಗಳು ಒಂದರ ಹಿಂದೆ ಒಂದು ಇರಲಿಲ್ಲ, ಏಳು ಗೆರೆಗಳಿಂದಲೇ ಎಲ್ಲ ಅಂಕಿ. ನಮ್ಮ ದೇಶದ ಬ್ಯಾಂಕುಗಳಲ್ಲಿ ಯಂತ್ರೀಕರಣಕ್ಕೆ ನೌಕರರ ಸಂಘಟನೆಗಳೊಡನೆ ಒಪ್ಪಂದವಾದದ್ದು 1983ರಲ್ಲಿ. ರಂಗರಾಜನ್ ಸಮಿತಿ ವರದಿ ಬಂದದ್ದು 1984ರಲ್ಲಿ. ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬರುವ ಹೊತ್ತಿಗೆ ನಿಕ್ಸಿ ಹಳೆಯ ಸಾಮಾನಾಗಿತ್ತು. ಒಬ್ಬ ಬ್ಯಾಂಕ್ ಗುಮಾಸ್ತನ ಕಂಪನಿ ತಂದ ಬುರುಡೆಯನ್ನು ನಮ್ಮ ಪೀಳಿಗೆಯ ಬ್ಯಾಂಕಿನವರು ಬ್ಯಾಂಕಿನಲ್ಲಿ ನೋಡಲೇ ಇಲ್ಲ!

ಆದರೆ ಅದು ಸತ್ತಿಲ್ಲ. ಸೋವಿಯತ್ ಕಾಲದ ಐಎನ್-12, ಐಎನ್-14 ಬುರುಡೆಗಳನ್ನು ಹುಡುಕಿ ತಂದು ಗಡಿಯಾರ ಕಟ್ಟುವ ಹವ್ಯಾಸಿಗಳು ಜಗತ್ತಿನ ತುಂಬ ಇದ್ದಾರೆ. ಐಎನ್-12ರಲ್ಲಿ 5 ಅಂದರೆ ತಲೆಕೆಳಗಾದ 2, ಖರ್ಚು ಉಳಿಸುವ ಉಪಾಯ! ಅದನ್ನು ನಡೆಸಲು 74141ರ ಸೋವಿಯತ್ ತಮ್ಮ ಕೆ155ಐಡಿ1 ಅನ್ನುವ ಚಿಪ್. ಚೆಕ್ ದೇಶದಲ್ಲಿ ಡಾಲಿಬೋರ್ ಫಾರ್ನಿ ಅನ್ನುವವರು ಗಾಜು ಊದಿ ಕೈಯಲ್ಲೇ ಹೊಸ ಬುರುಡೆಗಳನ್ನು ಮಾಡಿ ಮಾರುತ್ತಾರೆ. ಪುಣೆಯಲ್ಲಿ ಇಂಥ ಹುಚ್ಚು ಇದ್ದವರಿಗೆ ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ದಾರಿ ಗೊತ್ತೇ ಇರುತ್ತದೆ. 300 ವೋಲ್ಟ್ ತಡೆಯುವ ಎಂಪಿಎಸ್‌ಎ 42, ಎಂಪಿಎಸ್‌ಎ 92 ಟ್ರಾನ್ಸಿಸ್ಟರುಗಳು ಈ ಕೆಲಸಕ್ಕೆ ಹೇಳಿಮಾಡಿಸಿದವು. ಮಕ್ಕಳಿಗೆ ಮಾತ್ರ ಒಂದು ಮಾತು ಹೇಳಿ: 170 ವೋಲ್ಟ್ ಆಟದ ಸಾಮಾನಲ್ಲ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಶಾಕ್ ಕಾದು ಕೂತಿರುತ್ತದೆ.

ಈಗ ನಮ್ಮ ಶಾಖೆಗಳಲ್ಲಿ ಅಂಕಿಗಳು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತವೆ, 3 ಮತ್ತು 8ರ ಜಗಳ ಮುಗಿದಿದೆ. ಆದರೂ ಆಡಿಟ್ ಬಂದಾಗ ಕೇಳುವ ಶಬ್ದ ಅದೇ, ಲೀಕೇಜ್. ವಸೂಲಿಯಾಗದ ಇಪ್ಪತ್ತೈದು ರೂಪಾಯಿ ಚಾರ್ಜು, ಕಾಲು ಪರ್ಸೆಂಟ್ ಕಡಿಮೆ ಹಾಕಿದ ಬಡ್ಡಿ. ದೊಡ್ಡ ಮೊತ್ತ ತಪ್ಪಿದರೆ ಅದೇ ದಿನ ಗೊತ್ತಾಗುತ್ತದೆ, ಹನಿ ಸೋರಿಕೆ ವರ್ಷಗಟ್ಟಲೆ ಕಾಣುವುದಿಲ್ಲ. ನಿಕ್ಸಿ ಎಂಜಿನಿಯರುಗಳು ಒಂದು ವಿಷಯದಲ್ಲಿ ಪುಣ್ಯವಂತರು. ಅವರ ಸೋರಿಕೆ ಕತ್ತಲಲ್ಲಿ ತಾನಾಗಿಯೇ ಕಿತ್ತಳೆ ಬಣ್ಣದಲ್ಲಿ ಮಿನುಗಿ, ಇಲ್ಲಿದ್ದೇನೆ ಅಂತ ಹೇಳುತ್ತಿತ್ತು. ನಮ್ಮದನ್ನು ನಾವೇ ದೀಪ ಹಿಡಿದು ಹುಡುಕಬೇಕು.